ಹಳದಿ ಸುಡುವುದಕ್ಕೆ, ಕೆಂಪು ಬೇಯಿಸುವುದಕ್ಕೆ

ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಗೋಡೆಯ ಮೇಲೆ ಯಾವ ಕಸ ಯಾವ ಬಣ್ಣದ ಚೀಲಕ್ಕೆ, ಡಬ್ಬಕ್ಕೆ ಎಂದು ಹೇಳುವ ಆ ನಾಲ್ಕು ಬಣ್ಣದ ಚಾರ್ಟ್ ಇದ್ದೇ ಇರುತ್ತದೆ. ಹಳದಿ, ಕೆಂಪು, ಬಿಳಿ, ನೀಲಿ. ಒಂದೊಂದರ ಕೆಳಗೆ ಹತ್ತು ಹನ್ನೆರಡು ಸಾಮಾನಿನ ಹೆಸರು. ತಪಾಸಣೆಗೆ ಬಂದವರು "ಯೂರಿನ್ ಬ್ಯಾಗ್ ಯಾವುದಕ್ಕೆ?" ಎಂದು ಕೇಳಿದರೆ "ಕೆಂಪು ಸರ್" ಎಂಬ ಉತ್ತರ ಥಟ್ಟನೆ ಬರುತ್ತದೆ. ಚಾರ್ಟಿನಲ್ಲಿ ಇಲ್ಲದ ಸಾಮಾನೊಂದನ್ನು ಕೈಗೆ ಕೊಟ್ಟು ನೋಡಿ, ತಡವರಿಕೆ ಶುರು. ಪಟ್ಟಿ ಬಾಯಿಪಾಠ ಮಾಡಿಸಿದರೆ ಆಗುವುದೇ ಹೀಗೆ.

ಬಣ್ಣವೆಂದರೆ ಬಸ್ಸಿನ ಹಣೆಯ ಮೇಲಿನ ಬೋರ್ಡು. ಒಳಗೆ ಯಾರು ಕೂತಿದ್ದಾರೆ ಎನ್ನುವುದಕ್ಕಿಂತ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಅದು ಹೇಳುತ್ತದೆ. ಹಳದಿ ಚೀಲ ಹೋಗುವುದು ಬೆಂಕಿಗೆ. ಹಲವು ಆಸ್ಪತ್ರೆಗಳ ಕಸ ಸೇರುವ ಸಾಮೂಹಿಕ ಸಂಸ್ಕರಣಾ ಘಟಕದ ಇನ್ಸಿನರೇಟರ್‌ನಲ್ಲಿ, ಅಂದರೆ ಕಸ ಸುಡುವ ಕುಲುಮೆಯಲ್ಲಿ, ಎರಡು ಕೋಣೆಗಳಿರುತ್ತವೆ. ಮೊದಲನೆಯದರಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಸ ಉರಿಯುತ್ತದೆ. ಅದರ ಹೊಗೆ ಎರಡನೆಯದರಲ್ಲಿ ಸುಮಾರು 1050 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡು ನಿಂತು ಮತ್ತೊಮ್ಮೆ ಸುಡಬೇಕು. ಕೆಂಪು ಚೀಲ ಹೋಗುವುದು ಆಟೋಕ್ಲೇವ್‌ಗೆ, ನಮ್ಮ ಇಡ್ಲಿ ಕುಕ್ಕರಿನ ದೊಡ್ಡಣ್ಣ ಅನ್ನಿ. ಸಾಮಾನ್ಯ ಮಾದರಿಯದಾದರೆ 121 ಡಿಗ್ರಿ, 15 ಪಿಎಸ್‌ಐ ಒತ್ತಡದಲ್ಲಿ 60 ನಿಮಿಷ ಹಬೆಯಲ್ಲಿ ಬೇಯಬೇಕು. ಆಮೇಲೆ ಚೂರು ಚೂರಾಗಿ ಪ್ಲಾಸ್ಟಿಕ್ ಮರುಬಳಕೆಯವರ ಕೈ ಸೇರುತ್ತದೆ. ಬಿಳಿ ಡಬ್ಬದ ಸೂಜಿ, ಬ್ಲೇಡುಗಳನ್ನು ಮೊದಲು ಕ್ರಿಮಿಮುಕ್ತ ಮಾಡಿ ಆಮೇಲೆ ಪುಡಿಮಾಡುತ್ತಾರೆ ಇಲ್ಲವೇ ಸಿಮೆಂಟಿನಲ್ಲಿ ಹುದುಗಿಸುತ್ತಾರೆ. ನೀಲಿ ಡಬ್ಬದ ಗಾಜು ಶುದ್ಧಿಯಾಗಿ ಗಾಜಿನ ಕಾರ್ಖಾನೆಯ ದಾರಿ ಹಿಡಿಯುತ್ತದೆ.

ಇಷ್ಟು ತಲೆಯಲ್ಲಿ ಕೂತರೆ ಚಾರ್ಟಿನ ಮುಕ್ಕಾಲು ಭಾಗ ತಾನಾಗಿಯೇ ಬರುತ್ತದೆ. ಗ್ಲೂಕೋಸ್ ಹರಿಸುವ ಕೊಳವೆ, ಅಂದರೆ ಐವಿ ಸೆಟ್, ಹಳದಿಗೆ ಏಕೆ ಹೋಗಬಾರದು? ಅದು ಪಿವಿಸಿ ಎಂಬ ಪ್ಲಾಸ್ಟಿಕ್, ಅದರಲ್ಲಿ ಕ್ಲೋರಿನ್ ಇದೆ. ಸುಟ್ಟರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹೊಗೆಯಲ್ಲಿ ಹೊರಬೀಳುತ್ತವೆ. ಚೀಲಗಳೂ ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್‌ನವೇ ಆಗಿರಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳಿದ್ದು ಇದೇ ಕಾರಣಕ್ಕೆ. ಇನ್ನು ರಕ್ತ ಹೀರಿದ ಹತ್ತಿ ಕೆಂಪಿಗೆ ಬಿದ್ದರೆ? ಅದು ಬೇಯುತ್ತದೆ, ಆದರೆ ಹತ್ತಿಯಾಗಿಯೇ ಉಳಿಯುತ್ತದೆ. ಮರುಬಳಕೆಯವನಿಗೆ ಅದು ಬೇಡ, ಅದು ಮೆತ್ತಿಕೊಂಡ ಪ್ಲಾಸ್ಟಿಕ್ಕೂ ಬೇಡ.

ಈಗ ಎಡವುವ ಜಾಗಗಳಿಗೆ ಬರೋಣ.

ರಕ್ತದ ಚೀಲ ಪ್ಲಾಸ್ಟಿಕ್, ಆದರೂ ಹಳದಿ. ಒಳಗೆ ಉಳಿದ ರಕ್ತವೇ ಕಾರಣ. ಅದಕ್ಕೆ ಸಿಕ್ಕಿಸಿದ್ದ ರಕ್ತ ಹರಿಸುವ ಕೊಳವೆ, ಟ್ರಾನ್ಸ್‌ಫ್ಯೂಷನ್ ಸೆಟ್, ಮಾತ್ರ ಕೆಂಪು, ಅದರ ಸೂಜಿ ಬಿಳಿ. ಒಂದೇ ರೋಗಿಯ ಒಂದೇ ಸ್ಟ್ಯಾಂಡಿನಿಂದ ಇಳಿದ ಮೂರು ತುಂಡು, ಮೂರು ದಾರಿ. ಕೈಗವಸು ಕೆಂಪು, ಬಟ್ಟೆಯಂಥ ಮಾಸ್ಕ್ ಮತ್ತು ಟೋಪಿ ಹಳದಿ. ಏಣಿಯಿಂದ ಬಿದ್ದು ಬಂದವರ ಪ್ಲಾಸ್ಟರ್ ಬಿಚ್ಚಿದರೆ (ಕೊಡಗಿನಲ್ಲಿ ಕಾಳುಮೆಣಸು ಕುಯ್ಯುವ ಕಾಲದಲ್ಲಿ ಇದಕ್ಕೆ ಬರವಿಲ್ಲ) ಅದು ಹಳದಿ, ಹಾಗಾಗಿ ಆ ದಿನಗಳಲ್ಲಿ ಹಳದಿ ಚೀಲದ ತೂಕ ಒಮ್ಮೆಗೇ ಏರುತ್ತದೆ. ಅವಧಿ ಮುಗಿದ ಮಾತ್ರೆ, ಸಿರಪ್ ಹಳದಿ. ಸಿರಪ್ಪನ್ನು ಸಿಂಕಿಗೆ ಸುರಿದು ಬಾಟಲಿಯನ್ನು ಮಾತ್ರ ಎಸೆಯುವ ಅಭ್ಯಾಸ ಸುಮಾರು ಕಡೆ ಇದೆ. ಇಲ್ಲಿಯ ಚರಂಡಿ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತಿ ಹೆಚ್ಚು ಗೊಂದಲ ಗಾಜಿನದು. "ಚೂಪಾದದ್ದೆಲ್ಲ ಬಿಳಿ" ಎಂದು ಕಲಿತವರು ಒಡೆದ ಆಂಪೂಲನ್ನು (ಕತ್ತು ಮುರಿದು ತೆರೆಯುವ ಔಷಧಿಯ ಪುಟ್ಟ ಗಾಜಿನ ಸೀಸೆ) ಬಿಳಿ ಡಬ್ಬಕ್ಕೆ ತುರುಕುತ್ತಾರೆ. ಲೋಹದ ಚೂಪು ಬಿಳಿ, ಗಾಜು ಒಡೆದಿರಲಿ ಇಡಿಯಾಗಿರಲಿ ನೀಲಿ. ಹಾವು ಕಡಿತದ ಒಂದು ಕೇಸನ್ನೇ ತೆಗೆದುಕೊಳ್ಳಿ. ಮೊದಲ ಸುತ್ತಿಗೇ 8ರಿಂದ 10 ವಯಲ್ (ಸಣ್ಣ ಗಾಜಿನ ಸೀಸೆ) ಪ್ರತಿವಿಷ, ಒಂದೊಂದು ವಯಲಿನ ಪುಡಿ ಕರಗಿಸಲು 10 ಎಂ.ಎಲ್. ನೀರು. ನೀರಿನ ಆಂಪೂಲೂ ಗಾಜಿನದಾದರೆ ಅರ್ಧ ಗಂಟೆಯೊಳಗೆ ಒಬ್ಬ ರೋಗಿಯಿಂದ 16ರಿಂದ 20 ಗಾಜಿನ ತುಂಡು. ತುರ್ತು ಕೋಣೆಯ ಪುಟ್ಟ ನೀಲಿ ಡಬ್ಬ ಅಲ್ಲೇ ಭರ್ತಿ. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಪಕ್ಕದ ಹಳದಿ ಚೀಲದಲ್ಲಿ ಸಿಗುತ್ತದೆ, ಚೀಲದ ತಳ ಹರಿದಿರುತ್ತದೆ. ಮಳೆ ಹಿಡಿಯುವ ಮುಂಚೆ ತುರ್ತು ಕೋಣೆಗೆ ದೊಡ್ಡ ನೀಲಿ ಡಬ್ಬ ಒಂದನ್ನು ಹೆಚ್ಚಿಗೆ ಇಟ್ಟರೆ ಇಷ್ಟೂ ತಪ್ಪುತ್ತದೆ. ಮೊದಲು ನೀಲಿ ಗುರುತಿನ ರಟ್ಟಿನ ಪೆಟ್ಟಿಗೆಗೆ ಅವಕಾಶವಿತ್ತು, 2018ರ ತಿದ್ದುಪಡಿಯ ನಂತರ ಚುಚ್ಚಿದರೆ ತೂತಾಗದ, ಸೋರದ ಡಬ್ಬವೇ ಬೇಕು. ಕೊಡಗಿನ ಥಂಡಿಯಲ್ಲಿ ರಟ್ಟು ಹೇಗೂ ವಾರಕ್ಕೆ ಮೆತ್ತಗಾಗಿ ತಳ ಬಿಡುತ್ತಿತ್ತು.

ನೀಲಿಯ ಬಗ್ಗೆ ಇನ್ನೊಂದು ತಕರಾರಿದೆ, ಇದು ನಿಯಮ ಬರೆದವರ ಮೇಲೆ. ಪಟ್ಟಣದಲ್ಲಿ ಮನೆ ಕಸಕ್ಕೆ ಹಸಿಗೆ ಹಸಿರು, ಒಣ ಕಸಕ್ಕೆ ನೀಲಿ ಎಂದು ಜನಕ್ಕೆ ಕಲಿಸಿದ್ದಾರೆ. ಅದೇ ಜನ ರೋಗಿಯ ಜೊತೆ ಆಸ್ಪತ್ರೆಗೆ ಬಂದಾಗ ನೀಲಿ ಡಬ್ಬ ಕಂಡರೆ ಬಿಸ್ಕತ್ ಪೊಟ್ಟಣ, ಟೀ ಲೋಟ ಅದಕ್ಕೇ ಹಾಕುತ್ತಾರೆ. ಅವರದೇನು ತಪ್ಪು? ನೀಲಿ ಡಬ್ಬ ರೋಗಿಯ ಕಡೆಯವರ ಕೈಗೆಟುಕದ ಹಾಗೆ ಇಂಜೆಕ್ಷನ್ ಟ್ರಾಲಿಯ ಮೇಲೋ ನರ್ಸಿಂಗ್ ಸ್ಟೇಷನ್ನಿನ ಒಳಗೋ ಇರಲಿ. ಹಾಸಿಗೆಗಳ ಮಧ್ಯೆ ಸಾಮಾನ್ಯ ಕಸದ ಬುಟ್ಟಿ ಸಾಕು. ಆಸ್ಪತ್ರೆಯ ಕಸದಲ್ಲಿ ಶೇಕಡ 85ರಷ್ಟು ಮನೆ ಕಸದಂಥದ್ದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿರಿಂಜಿನ ಕಾಗದದ ಹೊದಿಕೆ, ಔಷಧಿಯ ರಟ್ಟು, ಗಂಜಿ ಉಳಿಕೆ, ಬಾಳೆಹಣ್ಣಿನ ಸಿಪ್ಪೆ. ಇವುಗಳ ಮೇಲೆ ರಕ್ತದ ಒಂದು ಹತ್ತಿ ಉಂಡೆ ಬಿತ್ತೋ, ಇಡೀ ಬುಟ್ಟಿ ಹಳದಿಗೆ ಸೇರಬೇಕು. ಆಮೇಲೆ ಕೂತು ಬೇರ್ಪಡಿಸುತ್ತೇವೆ ಎನ್ನುವ ಮಾತೇ ಇಲ್ಲ. ಒಮ್ಮೆ ಬೆರೆತ ಕಸಕ್ಕೆ ಕೈ ಹಾಕುವುದು ಸೂಜಿಗೆ ಕೈ ಕೊಟ್ಟ ಹಾಗೆ.

ಆದ್ದರಿಂದ ಎಲ್ಲ ತೀರ್ಮಾನವಾಗುವುದು ಕಸ ಹುಟ್ಟಿದ ಮೊದಲ ಹತ್ತು ಸೆಕೆಂಡಿನಲ್ಲಿ, ಅದು ಇನ್ನೂ ಸಿಸ್ಟರ್ ಕೈಯಲ್ಲಿ ಇರುವಾಗ. ಒಂದು ಇಂಜೆಕ್ಷನ್ನನ್ನು ಹತ್ತಿರದಿಂದ ನೋಡೋಣ. ಚುಚ್ಚಿ ಆಯಿತು. ಎಡಗೈಯ ಹತ್ತಿ ರೋಗಿಯ ತೋಳಿನ ಮೇಲೆ, ಬಲಗೈಯಲ್ಲಿ ಸಿರಿಂಜು. ಹಳೆಯ ಕೈ ಅಭ್ಯಾಸ ಏನು ಹೇಳುತ್ತದೆ? ಮುಚ್ಚಳ ಹಾಕು. ಸೂಜಿ ಚುಚ್ಚಿಕೊಳ್ಳುವುದು ಅಲ್ಲೇ. ಮುಚ್ಚಳ ಹಿಡಿದ ಎಡಗೈ ಬೆರಳು ಮತ್ತು ಸೂಜಿಯ ತುದಿ ಎದುರುಬದುರು ಬರುವುದರಿಂದ ಒಂದು ಅಲುಗಾಟ ಸಾಕು. ಮುಚ್ಚಳ ಮುಟ್ಟದೆ ನೇರ ಸೂಜಿ ಕತ್ತರಿಸುವ ಹಬ್ ಕಟರ್‌ಗೆ ಹೋಗಬೇಕು.

ಹಬ್ ಕಟರ್‌ನಲ್ಲೂ ಒಂದು ಸೂಕ್ಷ್ಮ ಇದೆ. ಅದು ಕತ್ತರಿಸಬೇಕಾದ್ದು ಸೂಜಿಯ ಬುಡದ ಪ್ಲಾಸ್ಟಿಕ್ ಭಾಗವನ್ನು, ಅಂದರೆ ಹಬ್ಬನ್ನು. ಸಿರಿಂಜನ್ನು ನೆಟ್ಟಗೆ ಹಿಡಿದು, ಸೂಜಿ ಪೂರ್ತಿ ಇಳಿದು ಹಬ್ ತೂತಿನೊಳಗೆ ಕೂರುವ ತನಕ ಒತ್ತಿ, ಆಮೇಲೆ ಹಿಡಿಕೆ ಅದುಮಬೇಕು. 'ಟಕ್' ಎಂದು ಕತ್ತರಿಸಿದ ಸದ್ದು, ಹಿಂದೆಯೇ ಕೆಳಗಿನ ಡಬ್ಬದಲ್ಲಿ ಸೂಜಿ ಬಿದ್ದ ಸದ್ದು. ಅವಸರದಲ್ಲಿ ಅರ್ಧ ಇಳಿಸಿ ಅದುಮಿದರೆ ಲೋಹದ ಸೂಜಿಯೇ ನಡುವೆ ತುಂಡಾಗುತ್ತದೆ, ಅರ್ಧ ಅಂಗುಲದ ಮೊಂಡು ಚೂಪು ಸಿರಿಂಜಿನಲ್ಲೇ ಉಳಿಯುತ್ತದೆ. ಆ ಸಿರಿಂಜು ಕೆಂಪು ಚೀಲಕ್ಕೆ ಹೋಗಿ, ಚೀಲ ಹೊತ್ತವರ ಕಾಲಿಗೆ ತಾಗುತ್ತದೆ. ಕಟರ್‌ನ ಬ್ಲೇಡೂ ಮೊಂಡಾಗುತ್ತದೆ. ಸರಿಯಾಗಿ ಹಬ್ ಕತ್ತರಿಸಿದ ಸಿರಿಂಜಿಗೆ ಇನ್ನೊಂದು ಸೂಜಿ ಕೂರುವುದೇ ಇಲ್ಲ, ಗುಜರಿಯಿಂದ ಅದು ವಾಪಸ್ ಮಾರುಕಟ್ಟೆಗೆ ಬರುವ ಭಯ ಇಲ್ಲ. ಐವಿ ಸೆಟ್ಟಿನ ಕೊಳವೆಯನ್ನು ಕತ್ತರಿಯಿಂದ ತುಂಡರಿಸಿ ಕೆಂಪಿಗೆ ಹಾಕಿ ಎನ್ನುವುದಕ್ಕೂ ಇದೇ ಕಾರಣ. ಸೂಜಿ ಬೇರೆಯಾಗದ ಇನ್ಸುಲಿನ್ ಸಿರಿಂಜನ್ನು ಕಟರ್‌ಗೆ ಕೊಟ್ಟು ಗುದ್ದಾಡಬೇಡಿ, ಅದು ಇಡಿಯಾಗಿ ಬಿಳಿ ಡಬ್ಬಕ್ಕೆ.

ವಿದ್ಯುತ್ತಿನ ನೀಡಲ್ ಬರ್ನರ್ ಕೆಲವೆಡೆ ಇದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಕರೆಂಟು ಎರಡು ದಿನ ಹೋದರೆ ಅದು ಕಪಾಟಿನ ಅಲಂಕಾರ. ಕೈಯಿಂದ ಅದುಮುವ ಕಟರೇ ವಾಸಿ.

ಹಬ್ ಕಟರ್ ಇರಲಿ, ಬಿಳಿ ಡಬ್ಬ ಇರಲಿ, ಮುಕ್ಕಾಲು ತುಂಬಿದರೆ ಮುಗಿಯಿತು. ಮೇಲಿನ ಕಾಲು ಭಾಗ ಖಾಲಿ ಬಿಡುವುದು ಪೋಲು ಎಂದು ಅನ್ನಿಸಬಹುದು. ತುಂಬಿದ ಡಬ್ಬದಲ್ಲಿ ಹೊಸ ಸೂಜಿ ಇಳಿಯದೆ ನಿಂತಾಗ ಯಾರೋ ಬೆರಳಿಂದ ತಳ್ಳುತ್ತಾರೆ, ಅಥವಾ ಡಬ್ಬವನ್ನು ಅಲ್ಲಾಡಿಸುತ್ತಾರೆ. ಎರಡೂ ಅಪಾಯ.

ಇನ್ನು ಹೈಪೋ. ಆಸ್ಪತ್ರೆಯವರು ಸೋಡಿಯಂ ಹೈಪೋಕ್ಲೋರೈಟಿಗೆ ಹಾಗೇ ಕರೆಯುವುದು. ಬಳಸಿದ ಸಿರಿಂಜು, ಕೈಗವಸು ಎಲ್ಲವನ್ನೂ ಬಕೆಟ್ ಹೈಪೋದಲ್ಲಿ ಮುಳುಗಿಸಿಟ್ಟು ಆಮೇಲೆ ಚೀಲಕ್ಕೆ ಹಾಕುವುದು ಹಳೆಯ ಪದ್ಧತಿ, ಈಗಲೂ ಬಹಳ ವಾರ್ಡುಗಳಲ್ಲಿ ಜೀವಂತ. 2016ರ ನಿಯಮದಲ್ಲಿ ಸ್ಥಳದಲ್ಲೇ ಮೊದಲ ಸುತ್ತಿನ ಶುದ್ಧೀಕರಣ ಕೇಳಿರುವುದು ಪ್ರಯೋಗಾಲಯದ ಕಸ, ಸೂಕ್ಷ್ಮಾಣು ಬೆಳೆಸಿದ ಕಲ್ಚರ್‌ಗಳು, ರಕ್ತದ ಮಾದರಿ ಮತ್ತು ರಕ್ತದ ಚೀಲಗಳಿಗೆ. ವಾರ್ಡಿನ ಸಿರಿಂಜು ಹೇಗೂ ಘಟಕದಲ್ಲಿ ಒಂದು ಗಂಟೆ ಬೇಯುತ್ತದೆ, ಇಲ್ಲಿ ನೆನೆಸಿ ಆಗಬೇಕಾದ್ದೇನೂ ಇಲ್ಲ. ಆಗುವ ಕೆಟ್ಟದ್ದು ಹಲವು. ಬಕೆಟಿನಿಂದ ಎತ್ತುವಾಗ ಕಣ್ಣಿಗೆ ಸಿಡಿಯುತ್ತದೆ, ಚೀಲ ಒದ್ದೆಯಾಗಿ ಭಾರವಾಗಿ ಸೋರುತ್ತದೆ, ಬಾರ್‌ಕೋಡ್ ಚೀಟಿ ಕಿತ್ತುಬರುತ್ತದೆ. ಹಳದಿಗೆ ಹೋಗುವ ಹತ್ತಿಯನ್ನು ಹೈಪೋದಲ್ಲಿ ಅದ್ದುವುದಂತೂ ಕ್ಲೋರಿನ್ನನ್ನು ನಾವೇ ಕೈಯಾರೆ ಬೆಂಕಿಗೆ ಹಾಕಿದಂತೆ. ಕಲ್ಚರ್, ಪ್ರಯೋಗಾಲಯದ ಕಸ ಮತ್ತು ತೀವ್ರ ಸೋಂಕಿನ ಕಸ ಬಿಟ್ಟರೆ ಸುಡುವ ಮೊದಲು ರಾಸಾಯನಿಕ ಉಪಚಾರ ಕೂಡದು ಎಂದು ನಿಯಮದಲ್ಲೇ ಬರೆದಿದೆ.

ಹೈಪೋ ಬೇಕಾಗುವುದು ನೆಲಕ್ಕೆ ಚೆಲ್ಲಿದ ರಕ್ತಕ್ಕೆ, ರೋಗಿಯ ದೇಹದಿಂದ ಹೀರಿ ತೆಗೆದ ಸಕ್ಷನ್ ಜಾರಿನ ದ್ರವಕ್ಕೆ, ಲ್ಯಾಬಿನ ಮಾದರಿಗಳಿಗೆ. ಶೇಕಡ 1ರಿಂದ 2ರ ದ್ರಾವಣ, ಕನಿಷ್ಠ 20 ನಿಮಿಷ. ಕ್ಯಾನಿನ ಮೇಲೆ ಶೇಕಡ 5 ಎಂದಿದ್ದರೆ 200 ಎಂ.ಎಲ್. ಹೈಪೋಗೆ 800 ಎಂ.ಎಲ್. ನೀರು, ಅಲ್ಲಿಗೆ ಶೇಕಡ 1ರ ಒಂದು ಲೀಟರ್. ಶೇಕಡ 10 ಎಂದಿದ್ದರೆ 100ಕ್ಕೆ 900. ಕ್ಯಾನಿನ ಶಕ್ತಿ ಓದದೆ "ಒಂದು ಲೋಟ ಹಾಕು" ಎನ್ನುವ ಲೆಕ್ಕದಿಂದಲೇ ಎಷ್ಟೋ ಆಸ್ಪತ್ರೆಗಳು ಶಕ್ತಿಯಿಲ್ಲದ ನೀರಿನಲ್ಲಿ ನೆಲ ಒರೆಸುತ್ತಿವೆ. ಬ್ಲೀಚಿಂಗ್ ಪೌಡರ್‌ನಿಂದ ಮಾಡುವುದಾದರೆ ಶೇಕಡ 30ರ ಕ್ಲೋರಿನ್ ಇರುವ ಪುಡಿ ಲೀಟರಿಗೆ ಸುಮಾರು 33 ಗ್ರಾಂ. ಆದರೆ ಕೊಡಗಿನಲ್ಲಿ ಪೌಡರ್ ಮೇಲೆ ನಂಬಿಕೆ ಇಡುವುದು ಕಷ್ಟ. ಜೂನ್ ತಿಂಗಳಲ್ಲಿ ಬಾಯಿ ಬಿಚ್ಚಿದ ಚೀಲ ಜುಲೈಗೆ ಗಟ್ಟಿ ಕಲ್ಲಾಗಿ ಕೂತಿರುತ್ತದೆ, ವಾಸನೆ ಮಾತ್ರ ಇರುತ್ತದೆ, ಕ್ಲೋರಿನ್ ಹಾರಿಹೋಗಿರುತ್ತದೆ. ವಾಸನೆ ಬಂದರೆ ಶಕ್ತಿ ಇದೆ ಎಂದು ಅರ್ಥವಲ್ಲ. ದೊಡ್ಡ ಚೀಲದ ಬದಲು ಸಣ್ಣ ಪೊಟ್ಟಣ ತರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ನೆಲದಿಂದ ಮೇಲೆ ಇಡುವುದು ಒಳ್ಳೆಯದು. ಬೆರೆಸಿದ ದ್ರಾವಣ ಆ ದಿನಕ್ಕಷ್ಟೇ, ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟಿನಲ್ಲಿ, ಬಿಸಿಲಿಗೆ ದೂರ. ಲೋಹದ ಬಕೆಟ್ ಬೇಡ, ಹೈಪೋ ಅದನ್ನು ತಿನ್ನುತ್ತದೆ. ಆಸಿಡ್ ಅಥವಾ ಫಾರ್ಮಲಿನ್ ಜೊತೆ ಎಂದೂ ಬೆರೆಸಬಾರದು. ಶೌಚಾಲಯ ತೊಳೆಯುವ ಆಸಿಡ್ಡಿಗೆ ಹೈಪೋ ಸೇರಿದರೆ ಏಳುವ ಕ್ಲೋರಿನ್ ಅನಿಲ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ.

ರಕ್ತ ಚೆಲ್ಲಿದರೆ ಕ್ರಮ ಹೀಗೆ. ಮೊದಲು ಜನರನ್ನು ಆ ಜಾಗದಿಂದ ದೂರ ಇಡಿ. ದಪ್ಪ ಕೈಗವಸು ಹಾಕಿ. ಗಾಜಿನ ಚೂರಿದ್ದರೆ ಚಿಮುಟದಿಂದಲೋ ಎರಡು ರಟ್ಟಿನ ತುಂಡಿನಿಂದಲೋ ಎತ್ತಿ ನೀಲಿಗೆ. ರಕ್ತದ ಮೇಲೆ ಹಳೆ ಬಟ್ಟೆ ಅಥವಾ ಹತ್ತಿ ಮುಚ್ಚಿ, ಅದರ ಮೇಲೆ ಹೈಪೋ ಸುರಿದು 20 ನಿಮಿಷ ಬಿಡಿ. ಆಮೇಲೆ ಹೊರಗಿನಿಂದ ಒಳಕ್ಕೆ ಒರೆಸಿ ಬಟ್ಟೆ ಹಳದಿಗೆ. ಬರಿ ಮಾಪ್ ತಂದು ಎಳೆದರೆ ಒಂದು ಅಂಗೈ ಅಗಲದ ರಕ್ತ ಇಡೀ ವರಾಂಡಕ್ಕೆ ಹರಡುತ್ತದೆ, ಮಾಪಿನ ಬಕೆಟ್ ಮುಂದಿನ ವಾರ್ಡಿಗೂ ಹೋಗುತ್ತದೆ.

ಹೆರಿಗೆ ಕೋಣೆಯ ಮಾತು ಬೇರೆಯೇ. ಮಾಸು ಹಳದಿಗೆ, ಆದರೆ ಹಾಗೇ ಚೀಲಕ್ಕೆ ಜಾರಿಸಿದರೆ ದ್ರವ ತಳದಲ್ಲಿ ನಿಂತು ಸೋರುತ್ತದೆ. ಬೇಸಿನ್‌ನಲ್ಲಿ ಹರಿಯಬೇಕಾದ್ದು ಹರಿದ ಮೇಲೆ ಹಾಕಬೇಕು, ಸಂಶಯವಿದ್ದರೆ ಎರಡು ಚೀಲ. ಗರ್ಭಪಾತದ ಭ್ರೂಣ ಹಳದಿ ಚೀಲದಲ್ಲಿ ಹೋಗುವಾಗ ಅದರ ಜೊತೆ ವೈದ್ಯರ ಅಧಿಕೃತ ಪ್ರಮಾಣಪತ್ರದ ಪ್ರತಿ ಇರಲೇಬೇಕು, ಇಲ್ಲದಿದ್ದರೆ ಘಟಕದ ಗಾಡಿಯವರು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲೂ ಬಾರದು. ಕ್ಯಾನ್ಸರ್ ಔಷಧಿಯ ವಯಲ್ ಗಾಜಿನದಾದರೂ ನೀಲಿಗೆ ಸೇರದು. ಬೇರೆ ಗುರುತಿನ ಹಳದಿ, ಮೊದಲ ಆಯ್ಕೆ ತಯಾರಕರಿಗೇ ವಾಪಸ್, ಇಲ್ಲವಾದರೆ 1200 ಡಿಗ್ರಿಯಲ್ಲಿ ಸುಡಬೇಕು.

ಚೀಲ ಕಟ್ಟುವುದೂ ಒಂದು ವಿದ್ಯೆ. ಮುಕ್ಕಾಲು ತುಂಬಿದಾಗ ಬಾಯಿಯನ್ನು ತಿರುಚಿ, ಬಗ್ಗಿಸಿ, ಬಾತುಕೋಳಿ ಕುತ್ತಿಗೆಯ ಹಾಗೆ ಮಡಿಸಿ ಕಟ್ಟಬೇಕು. ಹಿಡಿಯುವುದು ಆ ಕುತ್ತಿಗೆಯನ್ನು. ತಳಕ್ಕೆ ಕೈ ಕೊಟ್ಟು ಎತ್ತುವುದು, ಎದೆಗೆ ಅಪ್ಪಿಕೊಳ್ಳುವುದು, ಹೆಗಲಿಗೆ ಹಾಕುವುದು ಬೇಡ. ಕಾಲಿಗೆ ತಾಗದಂತೆ ದೂರ ಹಿಡಿದು ಮುಚ್ಚಳದ ಟ್ರಾಲಿಗೆ ಇಳಿಸಬೇಕು. ಗಾಳಿ ಹೊರಡಿಸಲೆಂದು ಚೀಲವನ್ನು ಒತ್ತುವವರಿದ್ದಾರೆ, ಒಳಗಿನ ಸೋಂಕಿನ ಗಾಳಿ ನೇರ ಮುಖಕ್ಕೇ ಬರುತ್ತದೆ. ಬಾರ್‌ಕೋಡ್ ಚೀಟಿ ಅಂಟಿಸುವ ಮುನ್ನ ಚೀಲದ ಆ ಜಾಗವನ್ನು ಒಣಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ಪ್ಲಾಸ್ಟಿಕ್ ಮೇಲೆ ಏನು ಅಂಟೀತು? ಚೀಟಿ ಕಿತ್ತುಹೋದ ಚೀಲಕ್ಕೆ ಲೆಕ್ಕ ಇಲ್ಲ. ತೂಕ ಬಣ್ಣವಾರು ದಿನದಿನದ ರಿಜಿಸ್ಟರಿಗೆ ಹೋಗಬೇಕು. ವರ್ಷದ ಲೆಕ್ಕ ಮುಂದಿನ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ದಾಖಲೆ 5 ವರ್ಷ ಕಾಪಿಡಬೇಕು. ಪ್ರತಿದಿನ ಒಂದೇ ತೂಕ ಬರೆದಿರುವ ರಿಜಿಸ್ಟರ್ ಕಂಡರೆ ತಕ್ಕಡಿ ಕೆಟ್ಟು ಎಷ್ಟು ದಿನವಾಯಿತು ಎಂದು ಕೇಳಿ.

ಸಂಗ್ರಹ ಕೋಣೆಯಲ್ಲಿ ಅಂಗಾಂಶ ಮತ್ತು ರಕ್ತದ ಕಸ 48 ಗಂಟೆಗಿಂತ ಹೆಚ್ಚು ಇರಬಾರದು. ಬಯಲುಸೀಮೆಯಲ್ಲಿ ಇದು ಸಲೀಸು. ಇಲ್ಲಿ ಕಸದ ಗಾಡಿಯ ದಾರಿಯೇ ಕಷ್ಟ: ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ರಸ್ತೆ, ಮಂಗಳೂರು ಕಡೆಗೆ ಸಂಪಾಜೆ ಘಾಟಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಆ ಘಾಟಿ ವಾರಗಟ್ಟಲೆ ಮುಚ್ಚಿತ್ತು. ರಸ್ತೆ ನಿಂತರೂ ಹೆರಿಗೆ ನಿಲ್ಲುವುದಿಲ್ಲ, ಡ್ರೆಸ್ಸಿಂಗ್ ನಿಲ್ಲುವುದಿಲ್ಲ. ಹಾಗಾಗಿ ಘಟ್ಟದ ಆಸ್ಪತ್ರೆಗಳಿಗೆ ಮೇ ತಿಂಗಳಲ್ಲೇ ತಯಾರಿ ಬೇಕು. ಅಂಗಾಂಶದ ಕಸಕ್ಕೇ ಮೀಸಲಾದ, ಗುರುತು ಹಾಕಿದ, ಬೀಗದ ಒಂದು ಡೀಪ್ ಫ್ರೀಜರ್. ಜನರೇಟರ್ ಲೈನ್ ಅದಕ್ಕೂ. (ಲಸಿಕೆಯ ಫ್ರೀಜರನ್ನು ಇದಕ್ಕೆ ಬಳಸುವ ಯೋಚನೆ ಕನಸಲ್ಲೂ ಬೇಡ.) ಎರಡು ವಾರಕ್ಕಾಗುವಷ್ಟು ಹೆಚ್ಚಿಗೆ ಚೀಲ, ಡಬ್ಬ. 48 ಗಂಟೆ ಮೀರುವುದು ಖಚಿತವಾದರೆ ಕಾರಣ ಬರೆದು ಅಧಿಕಾರಿಗೆ ತಿಳಿಸಬೇಕು, ನಿಯಮದಲ್ಲಿ ಅದಕ್ಕೆ ದಾರಿ ಇದೆ. ಸುಮ್ಮನಿದ್ದು ರಿಜಿಸ್ಟರಿನಲ್ಲಿ ತಾರೀಕು ತಿದ್ದುವುದಕ್ಕಿಂತ ಒಂದು ಪತ್ರ ಸುಲಭ.

ಕೋಣೆಯನ್ನು ಇಳಿಜಾರಿನ ಕೆಳಬದಿಯಲ್ಲಿ, ಕಟ್ಟಡದ ಹಿಂದೆ ಎಲ್ಲೋ ಕಟ್ಟಿರುತ್ತಾರೆ. ಮೊದಲ ದೊಡ್ಡ ಮಳೆಗೆ ಮೇಲಿನ ನೀರೆಲ್ಲ ಬಾಗಿಲಡಿ ನುಗ್ಗಿ ಚೀಲಗಳು ತೇಲುತ್ತವೆ. ಹೊಸ್ತಿಲು ಎತ್ತರಿಸಿ, ಮೇಲ್ಬದಿಗೆ ಕಣಿ ತೋಡಿ ನೀರು ತಿರುಗಿಸಬೇಕು. ತೋಟದಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ, ಆಸ್ಪತ್ರೆಗೆ ಬಂದಾಗ ಮಾತ್ರ ಮರೆತುಹೋಗುತ್ತದೆ. ಬಾಗಿಲಿಗೆ ಬೀಗ, ಕಿಟಕಿಗೆ ಜಾಲರಿ. ನಾಯಿ ಒಂದು ಹಳದಿ ಚೀಲ ಎಳೆದರೆ ಬೆಳಿಗ್ಗೆ ಹೊತ್ತಿಗೆ ಅದರ ಹತ್ತಿ, ಬಟ್ಟೆ ಊರ ರಸ್ತೆಯಲ್ಲಿರುತ್ತವೆ. ಕೋಣೆಯಿಂದ ಗಾಡಿ ನಿಲ್ಲುವ ಜಾಗದವರೆಗೆ ಶೀಟು ಹಾಕಿಸಿದರೆ ತುಂಬಿಸುವಾಗ ಚೀಲಗಳ ಮೇಲೆ ಬಿದ್ದ ಮಳೆನೀರು ಕೆಳಗಿನ ಮನೆಯ ಬಾವಿಗೆ ಹರಿಯುವುದು ತಪ್ಪುತ್ತದೆ.

"ಹಿಂದೆ ಗುಂಡಿ ತೆಗೆದು ಹೂತರಾಯಿತಲ್ಲ, ಜಾಗಕ್ಕೇನು ಕೊರತೆ" ಎಂದು ಕೇಳುವವರು ಈಗಲೂ ಇದ್ದಾರೆ. ಆಳವಾಗಿ ಹೂಳಲು ನಿಯಮದಲ್ಲಿ ಅವಕಾಶ ಇರುವುದು ಸಾಮೂಹಿಕ ಘಟಕದ ಸೌಲಭ್ಯ ಸಿಗದ ದೂರದ ಊರುಗಳಿಗೆ ಮಾತ್ರ, ಅದೂ ಅನುಮತಿಯ ಮೇಲೆ. ಗುಂಡಿ ಸುಮಾರು 2 ಮೀಟರ್ ಆಳ. ಅರ್ಧದಷ್ಟು ಕಸ, ಮೇಲಿನ 50 ಸೆಂಟಿಮೀಟರ್ ಉಳಿಯುವವರೆಗೆ ಸುಣ್ಣ, ಆಮೇಲೆ ಮಣ್ಣು. ಪ್ರತಿ ಸಲ ಹಾಕಿದಾಗಲೂ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು, ಪ್ರಾಣಿ ಬಾರದಂತೆ ತಗಡು ಇಲ್ಲವೇ ಜಾಲರಿ. ಮುಖ್ಯ ಷರತ್ತು ಬೇರೆಯದು. ಗುಂಡಿಯ ತಳದಿಂದ ಅಂತರ್ಜಲ ಕನಿಷ್ಠ 6 ಮೀಟರ್ ಕೆಳಗಿರಬೇಕು, ಜಾಗ ನೆರೆಗೂ ಕೊರೆತಕ್ಕೂ ಸಿಗಬಾರದು. ಆಗಸ್ಟಿನ ಕೊಡಗಿನಲ್ಲಿ ಎರಡಡಿ ಅಗೆದರೆ ಒರತೆ ಬರುವ ಜಾಗಗಳೇ ಎಷ್ಟೋ. ಗುಡ್ಡದ ಮಗ್ಗುಲಲ್ಲಿ ಹೂತದ್ದು ಕೆಳಗಿನ ಗದ್ದೆಗೆ, ತೋಡಿಗೆ, ಅಲ್ಲಿಂದ ಕಾವೇರಿಗೋ ಹಾರಂಗಿಗೋ. ಷರತ್ತಿಗೆ ಹೊಂದುವ ಜಾಗ ಇಲ್ಲಿ ಸುಲಭಕ್ಕೆ ಸಿಗದು. ಪ್ಲಾಸ್ಟಿಕ್ಕು, ಗಾಜು ಹೂಳುವ ಪ್ರಶ್ನೆಯಂತೂ ಎಲ್ಲಿಯೂ ಇಲ್ಲ. ಹಿತ್ತಲಲ್ಲಿ ಸುಡುವುದು ಇದಕ್ಕಿಂತ ಕೆಟ್ಟದ್ದು. ಒದ್ದೆ ಕಸ ಅರೆಬೆಂದು ಹೊಗೆಯಾಡುತ್ತದೆ, ಸೂಜಿಗಳು ಬೂದಿಯಲ್ಲಿ ಹಾಗೇ ಚೂಪಾಗಿ ಉಳಿಯುತ್ತವೆ.

ಇಷ್ಟೆಲ್ಲ ಕೆಲಸ ಕೊನೆಗೆ ಬೀಳುವುದು ಗುತ್ತಿಗೆಯ ಅಕ್ಕಂದಿರ ಮೇಲೆ. ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು:

"ಅಕ್ಕಾ, ಈ ಗ್ಲೂಕೋಸ್ ಬಾಟ್ಲಿ ತಗೊಂಡ್ಹೋಗಿ."

"ಸೂಜಿ ತೆಗ್ದಿದ್ದೀರಾ ಸಿಸ್ಟರ್?"

ಈ ಎರಡನೇ ಪ್ರಶ್ನೆ ಕೇಳುವ ಧೈರ್ಯ ಅಕ್ಕನಿಗೆ ಇರುವ ವಾರ್ಡಿನಲ್ಲಿ ಕಸ ಸರಿಯಾಗಿ ಬೇರೆಯಾಗುತ್ತಿರುತ್ತದೆ. ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ, ಆರೋಗ್ಯ ತಪಾಸಣೆ, ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಕೊಡಬೇಕೆಂದು ನಿಯಮ ಹೇಳುತ್ತದೆ, ಕಾಯಂ ನೌಕರರಿಗಷ್ಟೇ ಎಂದು ಹೇಳಿಲ್ಲ. ನಡೆಯುವುದು ಬೇರೆ. ಹೆಪಟೈಟಿಸ್-ಬಿ ಮೂರು ಡೋಸು, 0, 1 ಮತ್ತು 6ನೇ ತಿಂಗಳು. ಗುತ್ತಿಗೆದಾರ ಬದಲಾದಾಗ ಮೂರನೆಯದು ತಪ್ಪಿಹೋಗುತ್ತದೆ. ಲಸಿಕೆ ಚೀಟಿ ಗುತ್ತಿಗೆದಾರನ ಕಡತದ ಬದಲು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇದ್ದರೆ ಇದು ತಪ್ಪದು. ಚಾರ್ಟಿನ ವಿಷಯವೂ ಹಾಗೆಯೇ. ಇಲ್ಲಿಯ ಒಂದೇ ವಾರ್ಡಿನಲ್ಲಿ ಕೊಡವ, ಅರೆಭಾಷೆ, ಮಲಯಾಳ, ತುಳು, ಯರವ ಆಡುವವರು ಇರುತ್ತಾರೆ. ಓದಲು ಬಾರದವರಿಗೆ ಅಕ್ಷರದ ಚಾರ್ಟ್ ಏತಕ್ಕೆ? ಬಳಸದ ಹೊಸ ಸಿರಿಂಜು, ಹತ್ತಿ, ಖಾಲಿ ಆಂಪೂಲು, ಕೈಗವಸನ್ನೇ ಆಯಾ ಬಣ್ಣದ ಹಲಗೆಗೆ ಕಟ್ಟಿ ಡಬ್ಬದ ಮೇಲೆ ತೂಗುಹಾಕಿ. ಅರ್ಧ ದಿನದ ಕೆಲಸ, ಹತ್ತು ತರಬೇತಿಗೆ ಸಮ. ಕೈಗೆ ತೆಳು ಪರೀಕ್ಷಾ ಗವಸಿನ ಬದಲು ದಪ್ಪ ರಬ್ಬರಿನದು, ಕಾಲಿಗೆ ತೋಟದಲ್ಲಿ ಹಾಕುವಂಥದ್ದೇ ಗಂಬೂಟು.

ಸೂಜಿ ಚುಚ್ಚಿದರೆ ಹಿಂಡಬಾರದು, ಬಾಯಲ್ಲಿ ಹೀರಬಾರದು, ಹೈಪೋ ಸುರಿಯಬಾರದು. ಸೋಪು ನೀರಿನಿಂದ ತೊಳೆದು, ಹೊತ್ತು ಕಳೆಯದೆ ವೈದ್ಯರಿಗೆ ಹೇಳಬೇಕು. ಸೂಜಿ ಬಳಸಿದ್ದ ರೋಗಿಗೆ ಎಚ್‌ಐವಿ ಇದ್ದರೆ ಸೋಂಕು ತಗಲುವ ಸಂಭವ ಸುಮಾರು ಶೇಕಡ 0.3, ಹೆಪಟೈಟಿಸ್-ಸಿ ಇದ್ದರೆ ಸುಮಾರು 1.8, ಹೆಪಟೈಟಿಸ್-ಬಿ ಇದ್ದು ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿಲ್ಲದಿದ್ದರೆ 6ರಿಂದ 30. ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ, ಹೆಚ್ಚು ಹೆದರಬೇಕಾದ್ದು ಕೊನೆಯದಕ್ಕೆ, ಅದಕ್ಕೆ ಲಸಿಕೆ ಇದೆ. ಎಚ್‌ಐವಿ ತಡೆ ಮಾತ್ರೆಯ ಮೊದಲ ಡೋಸ್ 2 ಗಂಟೆಯೊಳಗೆ ಸಿಕ್ಕರೆ ಉತ್ತಮ, 72 ಗಂಟೆ ಮೀರಬಾರದು, 28 ದಿನ ತಪ್ಪದೆ ನುಂಗಬೇಕು. ಆ ಮಾತ್ರೆ ಹತ್ತಿರದಲ್ಲಿ ಎಲ್ಲಿದೆ, ರಾತ್ರಿ ಕಪಾಟಿನ ಕೀಲಿ ಯಾರ ಹತ್ತಿರ ಎಂದು ಚುಚ್ಚಿದ ಮೇಲೆ ವಿಚಾರಿಸಲು ಹೊರಟರೆ ಆ 2 ಗಂಟೆ ಫೋನಿನಲ್ಲೇ ಕಳೆಯುತ್ತದೆ. ನಂಬರ್ ಬರೆದು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ.

ಆಸ್ಪತ್ರೆಯ ಹೊರಗೂ ಸೂಜಿಗಳಿವೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಕೊಡವರ ಹಿರಿಯರ ಕಾಲದ ಐನ್‌ಮನೆಗಳಲ್ಲಿ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಷ್ಟು ಮಂದಿ! ಆ ಸೂಜಿ ಹಾಲಿನ ಪೊಟ್ಟಣದ ಜೊತೆ ಕಸಕ್ಕೆ, ಇಲ್ಲವೇ ಕಾಫಿ ಗಿಡದ ಬುಡಕ್ಕೆ. ಒಣಗಿದ ರಕ್ತದಲ್ಲೂ ಹೆಪಟೈಟಿಸ್-ಬಿ ವೈರಾಣು ಕನಿಷ್ಠ 7 ದಿನ ಬದುಕಿರಬಲ್ಲದು, ಕುಯ್ಲಿನಲ್ಲಿ ನೆಲಕ್ಕೆ ಬಿದ್ದ ಹಣ್ಣು ಹೆಕ್ಕುವ ಕೈ ಬರಿಗೈ. ಮನೆಯಲ್ಲಿ ಹುಟ್ಟುವ ಇಂಥ ಕಸವನ್ನು ಬೇರೆಯಾಗಿ ಇಟ್ಟು ಸ್ಥಳೀಯ ಸಂಸ್ಥೆಯ ಕಸದವರಿಗೆ ಕೊಡಬೇಕು, ಪಟ್ಟಣದ ಆಡಳಿತ ಅದನ್ನು ಸಂಸ್ಕರಣಾ ಘಟಕಕ್ಕೆ ತಲುಪಿಸಬೇಕು ಎಂದು ನಿಯಮದಲ್ಲಿದೆ. ತೋಟದ ಒಳದಾರಿಗೆ ಕಸದ ಗಾಡಿ ಬರುವುದಿಲ್ಲವಾದರೆ ತಿಂಗಳ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೆ ಹೋಗುವ ದಿನ ಅದನ್ನೂ ಒಯ್ದು, ಬಿಳಿ ಡಬ್ಬಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಸಿಸ್ಟರನ್ನು ಕೇಳಿ. ಸೂಜಿ ಕೂಡಿಡಲು ದಪ್ಪ ಪ್ಲಾಸ್ಟಿಕ್ಕಿನ ಫಿನಾಯಿಲ್ ಬಾಟಲಿ ಒಳ್ಳೆಯದು. ನೀರಿನ ಬಾಟಲಿ ತೆಳು, ಸೂಜಿ ಹೊರಗೆ ಬರುತ್ತದೆ. ಜೇನಿನ ಬಾಟಲಿ ಗಾಜಿನದು, ಬಿದ್ದರೆ ಒಡೆಯುತ್ತದೆ. ಮೇಲೆ "ಸೂಜಿ" ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಅಟ್ಟದ ಮೇಲಿಟ್ಟು, ಮುಕ್ಕಾಲಾದಾಗ ಮುಚ್ಚಳ ಬಿಗಿದು ಸುತ್ತ ಟೇಪು ಸುತ್ತಿ.